ಐದು ನೂಲು

ಕೌಲ್ ಬಜಾರಿನ ಮೂರನೇ ಓಣಿಯಲ್ಲಿ ಕರೆಂಟು ಹೋಯಿತು.
ಹನ್ನೆರಡು ಮಿಷನ್ನು ಒಟ್ಟಿಗೆ ಬಾಯಿ ಮುಚ್ಚಿದವು.
ಅರ್ಧ ಹೊಲಿದ ಜೀನ್ಸಿನ ಜೇಬು
ನನ್ನ ಸೂಜಿಯ ಕೆಳಗೆ ಹಾಗೇ ನಿಂತಿತು.

ಕಟಿಂಗ್ ಮಾಸ್ತರ ಶೇಕ್ಷಾವಲಿಯ ಅಕ್ಕನ ಮಗಳು
ಗುಜರಿಯಿಂದ ತಂದ ಗ್ಲೋಬು ಎತ್ತಿಕೊಂಡು ಬಂದಳು.
ಕಾಲು ಮುರಿದದ್ದು; ಹಿಟ್ಟಿನ ಬೋಗುಣಿಯಲ್ಲಿ ಕೂರಿಸಬೇಕು.
ಶಾಲೆಯಲ್ಲಿ ಲೆಕ್ಕ ಕೊಟ್ಟಿದ್ದಾರಂತೆ:
ಬಡಗಣ ತುದಿಯಲ್ಲಿ ಎರಡು ವಿಮಾನ ನಿಲ್ದಾಣ,
ನಡುವೆ ದೂರವೆಷ್ಟು, ಹಾರಲು ಹೊತ್ತೆಷ್ಟು.

ಒಂದರ ಹೆಸರು ಉಪರ್ನಾವಿಕ್.
"ಯಾವನೋ ಅಂಬಿಗನ ಕೈಯಾಳು ಇರಬೇಕು," ಅಂದ ಶೇಕ್ಷಾವಲಿ.
ಇನ್ನೊಂದು ಕಾನಾಕ್.
"ಕಾಣಾಕ ಏನೈತೆ ಅಲ್ಲಿ?" ಅಂದೆ.
"ಬರೀ ಬರ್ಫ, ಗಾದಿಲಿಂಗಕ್ಕ. ಚಳಿಗಾಲದಾಗ ಅದೂ ಕಾಣಂಗಿಲ್ಲ,
ಸೂರ್ಯನೇ ಹುಟ್ಟಂಗಿಲ್ಲ."

ಮೊದಲು ಸೊಂಟ ಅಳೆದ.
ನಡುಗೆರೆಯ ಮೇಲೆ ಟೇಪು ಸುತ್ತಿ,
ರೂಢಿಯಂತೆ ಎರಡು ಬೆರಳು ಒಳಗಿಟ್ಟು,
ತಪ್ಪು ತಿಳಿದು ತೆಗೆದು:
"ಮೂವತ್ತೇಳು ಮುಕ್ಕಾಲು.
ಮೂವತ್ತೆಂಟರ ಪ್ಯಾಂಟು ಸಾಕು ಈ ಭೂಮಿಗೆ."
ಪುಸ್ತಕದ ನಲವತ್ತು ಸಾವಿರವನ್ನು ಅದರಿಂದ ಭಾಗಿಸಿದರೆ
ಇಂಚಿಗೆ ಸಾವಿರದ ಅರವತ್ತು ಕಿಲೋಮೀಟರ್.

ಗ್ಲೋಬಿನಲ್ಲಿ ಆ ಊರು ಎರಡೂ ಇರಲಿಲ್ಲ.
ಹುಡುಗಿ ಡಿಗ್ರಿ ಓದಿದಳು, ಅವನು ಗುರುತು ಹಾಕಿದ.
ಹಿಮದ ಮೇಲೆ ಅವನ ಹೆಬ್ಬೆರಳ ನೀಲಿ ಅಚ್ಚೊಂದು ಬಿತ್ತು,
ಉಜ್ಜಿದರೂ ಹೋಗದು, ಬಳ್ಳಾರಿಯ ಬಣ್ಣ.

ಆಗ ನಾನು ಕಂಡೆ, ಇಷ್ಟು ವರ್ಷ ಯಾರೂ ಹೇಳಿರಲಿಲ್ಲ:
ಭೂಮಿ ಹೊಲಿದದ್ದು!
ಆರು ಪೀಸಿನ ಒಳಲಂಗದ ಹಾಗೆ,
ಕೆಳಗೆ ಅಗಲ, ಮೇಲೆ ಹೋದಂತೆ ಸಪೂರ,
ನೆತ್ತಿಯಲ್ಲಿ ಎಲ್ಲ ಹೊಲಿಗೆಯೂ ಒಂದೇ ಗಂಟು.
ನಮ್ಮೂರಿನ ಅಡ್ಡಸಾಲಿನಲ್ಲಿ ಇಂಚು ದಾಟುವ ಹದಿಮೂರು ಡಿಗ್ರಿ
ಅಲ್ಲಿ ಬರೀ ಮೂರು ನೂಲು.
ಗೋಡೆಯ ನಕಾಶೆ ಇಸ್ತ್ರಿ ಹೊಡೆದ ಬಟ್ಟೆ.
ಮೊಣಕಾಲಿನ ಮೇಲೆ ಕೂರದ ಬಟ್ಟೆಯನ್ನು ನಂಬಬಾರದು.

ಕಿತ್ತಳೆ ದಾರ ಬಿಗಿಯಾಗಿ ಎಳೆದ.
ಅರ್ಧ ಇಂಚು, ಮೇಲೊಂದು ನೂಲು.
ಒಟ್ಟು ಐದು ನೂಲು.
ನಾವು ಹೊಲಿಗೆಗೆ ಬಿಡುವ ಅಂಚು, ಅಷ್ಟೇ.
ಆರುನೂರ ಅರವತ್ತು ಕಿಲೋಮೀಟರ್, ಇಪ್ಪತ್ತು ಆಚೀಚೆ.
ಗಂಟೆಗೆ ನಾನೂರರ ಪಂಖದ ವಿಮಾನ,
ಒಂದು ಗಂಟೆ ನಲವತ್ತು ನಿಮಿಷ.
"ಬಸ್ಸಿಗೆ?" ಕೇಳಿದೆ.
"ದಾರೀನೇ ಇಲ್ಲ ಅಕ್ಕ. ಬಿರುಗಾಳಿ ಎದ್ದರೆ
ವಿಮಾನಾನೂ ಇಲ್ಲ. ಕಾಯಬೇಕು."

ಕಾಯುವವರ ಲೆಕ್ಕ ಪುಸ್ತಕದಲ್ಲಿ ಕೇಳಿರಲಿಲ್ಲ.

ಶೇಕ್ಷಾವಲಿ ಟೇಪು ಸುತ್ತಿಡುತ್ತಿದ್ದ.
ಸುಮ್ಮನೆ ಎಂಬಂತೆ ಅಂದೆ,
ಬಳ್ಳಾರಿಯಿಂದ ರಾಯಚೂರು ಹಿಡಿ ನೋಡೋಣ.
ಅವನು ದಾರ ಹಿಡಿಯಲೂ ಇಲ್ಲ, ಉಗುರು ಇಟ್ಟ.
"ಒಂದು ನೂಲು. ಅದೂ ತುಸು ಕಮ್ಮಿ."

ಅವ್ವನ ಕೈಮಿಷನ್ನು ನಾನು ತಂದುಕೊಂಡ ದಿನ
ತಂಗಿ ಈರಮ್ಮ ಬಾಗಿಲಲ್ಲಿ ನಿಂತು
ಒಂದೇ ಮಾತು ಆಡಿದ್ದಳು.
ಆ ಮಾತಿಗೆ ಈಗ ಆರು ವರ್ಷ.
ಬಿರುಗಾಳಿ ಇಲ್ಲ, ಬರ್ಫ ಇಲ್ಲ,
ದಿನಾ ಸೂರ್ಯ ಹುಟ್ಟುತ್ತಾನೆ, ಬೇಕಾದ್ದಕ್ಕಿಂತ ಹೆಚ್ಚೇ.

ಕರೆಂಟು ಬಂತು. ಹನ್ನೆರಡೂ ಬಾಯಿ ತೆರೆದವು.
ಗಡಿಯಾರ ನೋಡಿದೆ:
ವಿಮಾನ ಇನ್ನೂ ಹಿಮದ ಮೇಲೇ ಇರಬೇಕು.
ಜೇಬಿಗೆ ಉಳಿದ ಎರಡು ಮಗ್ಗುಲು ಹಾಕಿದೆ,
ಒಂದು ಸೊಟ್ಟವಾಯಿತು, ಬಿಚ್ಚಿದೆ.

ಹುಡುಗಿ ಉತ್ತರ ಬರೆದಿದ್ದಳು: ಐದು ನೂಲು.
ಮೇಷ್ಟ್ರು ತಪ್ಪು ಅಂತ ಕೆಂಪು ಗೆರೆ ಎಳೆದರಂತೆ.

ಸಂಜೆ ಬಸ್ ಸ್ಟ್ಯಾಂಡಿನ ಕಿಂಡಿಯಲ್ಲಿ ಕೇಳಿದೆ.
ನಾಲ್ಕು ತಾಸು ಅಂದ, ತಲೆ ಎತ್ತದೆ.
ಸಿರುಗುಪ್ಪದ ಮೇಲೆ ಹೋದರೆ ಇನ್ನೂ ಜಾಸ್ತಿ.
"ಎಷ್ಟು ಟಿಕೆಟ್ ಅಮ್ಮ?"
ಹಿಂದಿನವರು ನೂಕುತ್ತಿದ್ದರು.
ನನ್ನ ಸೆರಗಿಗೆ ಅಂಟಿಕೊಂಡು ಬಂದಿದ್ದ
ಕಿತ್ತಳೆ ದಾರವನ್ನು
ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ನಿಂತೆ.